ಸಿನಿಮಾ ಲೋಕವನ್ನು ನಮ್ಮ ಆಟದ ಪುಸ್ತಕಕ್ಕೆ ತರಬಹುದಾ? ಲೈಸೆನ್ಸ್ ಬಗ್ಗೆ ಗೊತ್ತಿರುವವರು ಹೇಳಿ

ಶಹಾಬಾದ್ ಕಲ್ಲು (ಕಲಬುರಗಿ)

ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಾ ಇಟ್ಕೊಂಡು ಓದಿ.

ನಾವು ಆರು ಜನ ಪ್ರತಿ ಭಾನುವಾರ ಮಧ್ಯಾಹ್ನ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡೇ ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರದು ಒಂದೊಂದು ಪಾತ್ರ. "ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?" ಅಂತ ಅವರು ಕೇಳುತ್ತಾರೆ. ನಾವು ಹೇಳುತ್ತೇವೆ. ಆಗುತ್ತೋ ಇಲ್ವೋ ಅನ್ನೋದು ಡೈಸ್ ಕೈಲಿ. ಸೂಪರ್ ಮಾರ್ಕೆಟ್ ಹತ್ತಿರ ಗೆಳೆಯನ ಅಂಗಡಿ ಮೇಲಿನ ರೂಮೇ ನಮ್ಮ ಅಡ್ಡಾ. ಮೇ ತಿಂಗಳಲ್ಲಿ ಕೂಲರ್ ಸದ್ದಿಗೆ ಡೈಸ್ ಬಿದ್ದದ್ದೂ ಕೇಳಿಸುವುದಿಲ್ಲ.

ನಿಯಮಗಳನ್ನು ನಾವೇ ಕನ್ನಡದಲ್ಲಿ ಬರೆದುಕೊಂಡಿದ್ದೇವೆ. ಲೋಕ ಮಾತ್ರ ನಮ್ಮದಲ್ಲ. ಎಲ್ಲರೂ ನೋಡಿರುವ ಒಂದು ದೊಡ್ಡ ಹಾಲಿವುಡ್ ಬಾಹ್ಯಾಕಾಶ ಸಿನಿಮಾದ್ದು. ಈಗ 64 ಪುಟ ಆಗಿದೆ. 200 ಕಾಪಿ ಮಾಡಿಸಿ 300 ರೂಪಾಯಿಗೆ ಮಾರೋಣ ಅಂತ ಪ್ರೆಸ್ಸಿಗೆ ಹೋದೆವು. ಅಲ್ಲಿನ ಹಿರಿಯರು ಕನ್ನಡಕ ಏರಿಸಿ ಕವರ್ ನೋಡಿದರು. "ಇದಕ್ಕ ಪರ್ಮಿಷನ್ ಐತೇನ್ರಿ?" ಅಂದರು. ಆರು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಲೈಸೆನ್ಸ್ ಯಾರನ್ನು ಕೇಳಬೇಕು? ನಮ್ಮಂಥ ಸಣ್ಣವರಿಗೆ ಕೊಡುತ್ತಾರಾ? "ಎಲ್ಲ ಹಕ್ಕುಗಳೂ ಮೂಲ ಕಂಪನಿಯವು" ಅಂತ ಮೊದಲ ಪುಟದಲ್ಲಿ ಹಾಕಿದರೆ ಸಾಲದಾ?

ಕರಿ ಕೋಟು (ಕಲಬುರಗಿ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸಾಲದು. ಪಕ್ಕದ ಮನೆ ಸೈಕಲ್ ತಗೊಂಡು ಹೋಗಿ, ಅದರ ಮೇಲೆ ಪಕ್ಕದ ಮನೆಯವರ ಹೆಸರು ಬರೆದರೆ ಕೇಳಿ ತಗೊಂಡ ಹಾಗೆ ಆಗಲ್ಲ.

ನಿಮ್ಮ ಪುಸ್ತಕದಲ್ಲಿ ಮೂರು ಥರದ ಸರಕು ಇದೆ. ಬೇರೆ ಬೇರೆ ಇಟ್ಟು ನೋಡಿ. ಮೊದಲನೆಯದು ಆಟದ ಲೆಕ್ಕ. ಆರು ಮುಖದ ಡೈಸ್ ಎಸೆ, ಕೌಶಲದ ಅಂಕ ಕೂಡಿಸು, ಇಷ್ಟು ದಾಟಿದರೆ ಗೆದ್ದೆ ಅನ್ನೋ ವಿಧಾನದ ಮೇಲೆ ಯಾರಿಗೂ ಕಾಪಿರೈಟ್ ಇರುವುದಿಲ್ಲ. ಅದನ್ನು ವಿವರಿಸಿ ಬರೆದ ವಾಕ್ಯಗಳ ಮೇಲೆ ಇರುತ್ತೆ. ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಕೇಸಿನಲ್ಲಿ ಹೇಳಿದೆ. ಎರಡನೆಯದು ಪಾತ್ರ, ಕಥೆ, ಚಿತ್ರ. ಇಲ್ಲಿ ಕಾಪಿರೈಟ್ ಬಂತು. ಮೂರನೆಯದು ಹೆಸರು, ಲೋಗೋ. ಅದು ಟ್ರೇಡ್‌ಮಾರ್ಕ್. ನಮ್ಮಲ್ಲಿ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ.

ರೂಮಿನಲ್ಲಿ ಕೂತು ಆಡಿಕೊಳ್ಳಿ, ಯಾರೂ ಬಾಗಿಲು ತಟ್ಟುವುದಿಲ್ಲ. ಪ್ರಿಂಟ್ ಮಾಡಿ ಮಾರಿದ ಕೂಡಲೇ ಆಟ ಬೇರೆ.

ಯಾರಾದರೂ ಲೈಸೆನ್ಸ್ ಕೊಡುತ್ತೇನೆ ಅಂದರೆ ಬರವಣಿಗೆಯಲ್ಲಿ ತಗೊಳ್ಳಿ. ಫೋನಿನಲ್ಲಿ "ಮಾಡ್ಕೊಳ್ರಿ, ಏನಾಗಲ್ಲ" ಅಂದದ್ದು ಲೈಸೆನ್ಸ್ ಅಲ್ಲ. ಅವಧಿ ಬರೆಯದಿದ್ದರೆ ನಮ್ಮ 1957ರ ಕಾಯ್ದೆ ಪ್ರಕಾರ ಐದು ವರ್ಷ ಅಂತ ಹಿಡಿಯುತ್ತಾರೆ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಅಮೆರಿಕದಲ್ಲಿರುವ ನಿಮ್ಮ ಕಸಿನ್‌ಗೆ ಹತ್ತು ಕಾಪಿ ಕಳಿಸಿ ಮಾರಿಸೋ ಪ್ಲ್ಯಾನ್ ಇದ್ದರೆ ಈಗಲೇ ಹೇಳಿ, ನಗುತ್ತೇನೆ.

ಹಳೇ ಡೈಸ್ (ಬೀದರ್)

ನನ್ನ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಒಂದು ಕಾಲೇಜ್ ಫೆಸ್ಟ್‌ಗೆ ಅಂತ 40 ಕಾಪಿ ಮಾಡಿಸಿದ್ದೆ. ಸಣ್ಣ ಪುಸ್ತಕ, ಸ್ಪೈರಲ್ ಬೈಂಡಿಂಗ್. ಒಂದು ಪ್ರಸಿದ್ಧ ಫ್ಯಾಂಟಸಿ ಲೋಕದ ಊರು, ಜನಾಂಗ, ರಾಜರ ಹೆಸರೆಲ್ಲ ಹಾಗೇ ಇದ್ದವು. ಫೆಸ್ಟ್ ಹಿಂದಿನ ದಿನ ಆಯೋಜಕರು ಫೋನ್ ಮಾಡಿ, "ಸರ್, ಹೆಸರು ತೆಗೀರಿ, ಇಲ್ಲಾಂದ್ರ ಸ್ಟಾಲ್ ಕೊಡಲ್ಲ" ಅಂದರು. ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದ್ದ ಪುಟ ಅದಕ್ಕೂ ಮೊದಲೇ ಮಾಯವಾಗಿತ್ತು.

ಆ ರಾತ್ರಿ ನಾನು, ನನ್ನ ತಂಗಿ, ನಾಲ್ಕು ಬಾಟಲಿ ವೈಟ್ನರ್. ಒಂದು ಕಾಪಿಗೆ ಸುಮಾರು 90 ಕಡೆ ಹೆಸರು. 40 ಕಾಪಿ. ಲೆಕ್ಕ ನೀವೇ ಹಾಕಿ. ಹನ್ನೆರಡನೇ ಕಾಪಿಗೆ ತಂಗಿ ಮಲಗಿದಳು. ವೈಟ್ನರ್ ಒಣಗಿದ ಮೇಲೆ ಅದರ ಮೇಲೆ ನೀಲಿ ಪೆನ್ನಿನಲ್ಲಿ ಹೊಸ ಹೆಸರು ಬರೆಯಬೇಕು. ಒಣಗೋಕೆ ಮುಂಚೆ ಪುಟ ಮುಚ್ಚಿದರೆ ಎರಡು ಪುಟ ಅಂಟಿಕೊಳ್ಳುತ್ತವೆ. ಬಿಡಿಸಿದರೆ ಅಕ್ಷರ ಎದ್ದು ಬರುತ್ತವೆ. ಬೆಳಗ್ಗೆ ಒಂದು ಪುಟವನ್ನು ಕಿಟಕಿಗೆ ಹಿಡಿದು ನೋಡಿದೆ. ಹಳೇ ಹೆಸರು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಹದಿನೇಳು ಕಾಪಿ ಇನ್ನೂ ಅಟ್ಟದ ಮೇಲಿವೆ.

ಸಮಾಧಾನ ಏನಂದರೆ ನಾನು ಒಬ್ಬನೇ ಅಲ್ಲ. ಈ ಥರದ ಆಟಗಳಿಗೆ ಮೂಲವಾದ, 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ಪ್ರತಿಗಳಲ್ಲಿ ಲಾರ್ಡ್ ಆಫ್ ದ ರಿಂಗ್ಸ್ ಕಾದಂಬರಿಯ ಹಾಬಿಟ್ ಇತ್ತು, ಎಂಟ್ ಇತ್ತು, ಬಾಲ್‌ರಾಗ್ ಇತ್ತು. ಅದನ್ನು ಬರೆದ ಟೋಲ್ಕಿನ್ ಅವರ ಹಕ್ಕು ಇದ್ದವರು ಬಂದು ಕೇಳಿದರು. ಹಾಬಿಟ್ ಹೋಗಿ ಹಾಫ್ಲಿಂಗ್ ಆಯ್ತು, ಎಂಟ್ ಹೋಗಿ ಟ್ರೀಯಂಟ್, ಬಾಲ್‌ರಾಗ್ ಹೋಗಿ ಬಾಲೋರ್. ಅವರೂ ಒಂಥರಾ ವೈಟ್ನರ್ ಹಚ್ಚಿದವರೇ. ನಮ್ಮ ಮನೆಯಲ್ಲಿ ಕಡಿಮೆ ಬಿತ್ತು ಅಷ್ಟೆ.

ಗೋಗಿ ಗಾಡಿ (ಯಾದಗಿರಿ)

ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ? 200 ಕಾಪಿಗೆ ಯಾರು ಕಲಬುರಗಿವರೆಗೂ ಬರುತ್ತಾರೆ? ಆಟೋ ಹಿಂದೆ ಇರೋ ಹೀರೋ ಫೋಟೋಗೆ ಯಾರು ಲೈಸೆನ್ಸ್ ತಗೊಂಡಿದ್ದಾರೆ?

ಕರಿ ಕೋಟು

ಆಟೋದವರು ಫೋಟೋ ಮಾರಲ್ಲ, ಸವಾರಿ ಮಾರುತ್ತಾರೆ. ಇವರು ಫೋಟೋನೇ ಮಾರೋಕೆ ಹೊರಟಿದ್ದಾರೆ.

ಗೋಗಿ ಗಾಡಿ

ಸರಿ ಬಿಡಿ. ಆದರೂ ಯಾರೂ ಬರಲ್ಲ.

ಇಪ್ಪತ್ತು ಮುಖ (ಬೆಂಗಳೂರು, ಊರು ಶಹಾಪುರ)

ಬರ್ತಾರೋ ಇಲ್ವೋ ಅನ್ನೋದು ಆಮೇಲೆ. ಲೈಸೆನ್ಸ್ ಸಿಕ್ಕೇಬಿಟ್ಟಿತು ಅಂದುಕೊಳ್ಳಿ. ಆಗ ಏನಾಗುತ್ತೆ ಅಂತ ಹೇಳುತ್ತೇನೆ. ನನ್ನ ಕೆಲಸ ಬೇರೆ ಸಾಮಾನಿನ ಲೈಸೆನ್ಸಿಂಗ್. ಟಿಫಿನ್ ಡಬ್ಬಿ, ಸ್ಕೂಲ್ ಬ್ಯಾಗ್ ಇಂಥವು. ಆದರೆ ಒಪ್ಪಂದದ ಅಸ್ಥಿಪಂಜರ ಒಂದೇ.

ಮೊದಲು ಮಿನಿಮಮ್ ಗ್ಯಾರಂಟಿ. ಪುಸ್ತಕ ಮಾರಾಟ ಆಗಲಿ ಬಿಡಲಿ, ಇಷ್ಟು ದುಡ್ಡು ಕೊಡಲೇಬೇಕು, ಅದರಲ್ಲಿ ಒಂದು ಪಾಲು ಮುಂಗಡ. ಮಾರಾಟದಲ್ಲಿ ಅವರಿಗೆ ಕೊಡುವ ಪಾಲು, ಅಂದರೆ ರಾಯಲ್ಟಿ, ಆ ಮೊತ್ತ ದಾಟಿದರೆ ಹೆಚ್ಚಾದದ್ದನ್ನೂ ಕೊಡಬೇಕು. ನಿಮ್ಮ ಲೆಕ್ಕವನ್ನೇ ಹಿಡಿಯೋಣ: 200 ಕಾಪಿ, 300 ರೂಪಾಯಿ, ಎಲ್ಲಾ ಮಾರಾಟವಾದರೂ 60,000. ರಾಯಲ್ಟಿ 10% ಅಂತ ಇಟ್ಕೊಂಡರೆ 6,000 ರೂಪಾಯಿ. ಆ ಕಂಪನಿಯ ವಕೀಲರು ನಿಮ್ಮ ಮೇಲ್ ಓದಿ ಮುಗಿಸುವ ಹೊತ್ತಿಗೆ ಅದಕ್ಕಿಂತ ಜಾಸ್ತಿ ಖರ್ಚಾಗಿರುತ್ತೆ. ಸಣ್ಣವರಿಗೆ ಉತ್ತರ ಬರದಿರುವುದಕ್ಕೆ ಸೊಕ್ಕು ಕಾರಣ ಅಂತ ನನಗೆ ಅನ್ನಿಸಲ್ಲ, ಈ ಲೆಕ್ಕವೇ ಕಾರಣ.

ಆಮೇಲೆ ಅಪ್ರೂವಲ್. ನಿಜವಾಗಿ ಜೀವ ತಿನ್ನೋದು ಇದು. ಔಟ್‌ಲೈನ್ ಕಳಿಸು, ಒಪ್ಪಿಗೆ ಬರಲಿ. ಬರವಣಿಗೆ ಕಳಿಸು, ಒಪ್ಪಿಗೆ ಬರಲಿ. ಚಿತ್ರ, ಬಣ್ಣ, ಕವರ್, ಜಾಹೀರಾತಿನ ಸಾಲು, ಎಲ್ಲದಕ್ಕೂ ಹೀಗೇ. ನೀವು ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಓದೋರು ಯಾರು? ಇಂಗ್ಲಿಷ್‌ಗೆ ಅನುವಾದ ಮಾಡಿ ಕೊಡಿ ಅನ್ನುತ್ತಾರೆ. ಅದರ ಖರ್ಚೂ ನಿಮ್ಮದೇ.

ಕೊನೆಗೆ ಅವಧಿ. ಮೂರೋ ಐದೋ ವರ್ಷ. ಮುಗಿದ ಮೇಲೆ ಉಳಿದ ಸ್ಟಾಕ್ ಮಾರೋಕೆ ಕೆಲವು ತಿಂಗಳು ಕೊಡುತ್ತಾರೆ, ಅದೂ ಒಪ್ಪಂದದಲ್ಲಿ ಇದ್ದರೆ. ಆಮೇಲೂ ಗೋಡೌನಿನಲ್ಲಿ ಉಳಿದದ್ದು ರದ್ದಿ. 1984ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಟಿಎಸ್ಆರ್ ಕಂಪನಿ ಇಂಡಿಯಾನಾ ಜೋನ್ಸ್ ಸಿನಿಮಾಗಳ ಆಟ ತಂದಿತ್ತು. ಲೈಸೆನ್ಸ್ ಮುಗಿದಾಗ ಅವರ ಇಂಗ್ಲೆಂಡ್ ಆಫೀಸಿನಲ್ಲಿ ಉಳಿದ ಪ್ರತಿಗಳನ್ನು ಸುಟ್ಟರು. ಸುಟ್ಟ ಒಂದು ಚೂರನ್ನು ಅಲ್ಲಿನವರು ಎತ್ತಿಟ್ಟುಕೊಂಡು ಗಾಜಿನಂಥ ಪಾರದರ್ಶಕ ಪಿರಮಿಡ್ಡಿನೊಳಗೆ ಹಾಕಿಸಿದರು. ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ ಸುಟ್ಟು ಹೋಗಿ ಉಳಿದದ್ದು "ಡಯಾನಾ ಜೋನ್ಸ್". ಆ ಚೂರೇ ಮುಂದೆ ಟೇಬಲ್‌ಟಾಪ್ ಜಗತ್ತಿನ ಒಂದು ದೊಡ್ಡ ಪ್ರಶಸ್ತಿಯಾಯ್ತು. 2001ರಿಂದ ಕೊಡುತ್ತಿದ್ದಾರೆ.

ಶಹಾಬಾದ್ ಕಲ್ಲು

ಅಯ್ಯೋ. ಇಷ್ಟೆಲ್ಲಾ ಇದ್ದರೂ ಅಲ್ಲಿನವರು ಯಾಕೆ ಮತ್ತೆ ಮತ್ತೆ ಲೈಸೆನ್ಸ್ ತಗೊಳ್ಳುತ್ತಾರೆ? ಲಾಭ ಇಲ್ಲದೇ ಇರುತ್ತಾ?

ಇಪ್ಪತ್ತು ಮುಖ

ಲಾಭ ಇದೆ. 2021ರಲ್ಲಿ ಮ್ಯಾಗ್ಪೈ ಗೇಮ್ಸ್ ಅನ್ನೋ ಸಣ್ಣ ಕಂಪನಿ ಅವತಾರ್ ಕಾರ್ಟೂನ್ ಲೋಕದ ಆಟಕ್ಕೆ ಕಿಕ್‌ಸ್ಟಾರ್ಟರ್ ಮಾಡಿತು, ಅಂದರೆ ಆನ್‌ಲೈನಿನಲ್ಲಿ ಜನರಿಂದ ಮುಂಗಡ ದುಡ್ಡು ಕೂಡಿಸಿತು. ನೀಲಿ ಜನರ ಸಿನಿಮಾ ಅಲ್ಲ, ಗಾಳಿ ನೀರು ಬೆಂಕಿ ಮಣ್ಣು ಆಡಿಸುವ ಹುಡುಗನದ್ದು. 81,000 ಜನಕ್ಕಿಂತ ಜಾಸ್ತಿ ದುಡ್ಡು ಹಾಕಿದರು. 95 ಲಕ್ಷ ಡಾಲರ್ ಸೇರಿತು. ಸ್ವಂತ ಲೋಕ ಇಟ್ಕೊಂಡು ಅಷ್ಟು ಜನರನ್ನು ಕರೆಯೋಕೆ ಆಗ್ತಿತ್ತಾ? ನನಗೆ ಅನುಮಾನ.

ಅದೇ ಇನ್ನೊಂದು ಕಡೆ ನೋಡಿ. 2012ರಲ್ಲಿ ಮಾರ್ಗರೆಟ್ ವೈಸ್ ಪ್ರೊಡಕ್ಷನ್ಸ್‌ನವರು ಮಾರ್ವೆಲ್ ಆಟ ತಂದರು. ಆಡಿದವರೆಲ್ಲ ಹೊಗಳಿದರು. ಮರುವರ್ಷವೇ ನಿಂತು ಹೋಯ್ತು, ಪಿಡಿಎಫ್ ಕೂಡ ಮಾರೋ ಹಾಗಿಲ್ಲ. ಆಟ ಚೆನ್ನಾಗಿದ್ದರೆ ಮಾತ್ರ ಸಾಲದು.

ನನಗೆ ತುಂಬಾ ಹಿಡಿಸಿದ್ದು ಸ್ಟಾರ್ ವಾರ್ಸ್ ಕಥೆ. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಆ ಆಟ ತಂದಾಗ ಹೊಸ ಸಿನಿಮಾ ಬಂದು ನಾಲ್ಕು ವರ್ಷ ಆಗಿತ್ತು. ಪರದೆ ಮೂಲೆಯಲ್ಲಿ ಎರಡು ಸೆಕೆಂಡ್ ಕಾಣಿಸುವ ವಿಚಿತ್ರ ಪ್ರಾಣಿಗಳಿಗೆ ಆಟಗಾರರು ಹೆಸರು ಕೇಳುತ್ತಾರಲ್ವಾ? ಆಟ ಬರೆಯೋರು ಹೆಸರಿಟ್ಟರು. ರೋಡಿಯನ್, ಟ್ವಿಲೆಕ್ ಅನ್ನೋ ಜನಾಂಗದ ಹೆಸರುಗಳು ಬಂದದ್ದು ಹಾಗೆ. ಮುಂದೆ ಟಿಮೊಥಿ ಜಾನ್ ಅನ್ನೋ ಲೇಖಕರು ಆ ಲೋಕದ ಕಾದಂಬರಿ ಬರೆಯುವಾಗ ಲ್ಯೂಕಾಸ್‌ಫಿಲ್ಮ್‌ನವರು ಅವರಿಗೆ ಆಕರ ಅಂತ ಕಳಿಸಿದ್ದೇ ಈ ಆಟದ ಪುಸ್ತಕಗಳನ್ನು. ಇಷ್ಟೆಲ್ಲ ಮಾಡಿದರೂ ಒಂದು ಹೆಸರೂ ಆಟದ ಕಂಪನಿಯದ್ದಾಗಲಿಲ್ಲ. ಬಾಡಿಗೆ ಮನೆಯಲ್ಲಿ ಬಾವಿ ತೋಡಿದ ಹಾಗೆ, ನೀರು ಓನರ್‌ದು.

ಅವರ ಲೈಸೆನ್ಸ್ ಹೋದದ್ದು ಹೇಗೆ ಗೊತ್ತಾ? ಆಟ ಕೆಟ್ಟದ್ದು ಅಂತಲ್ಲ. ಮಾತೃ ಕಂಪನಿಯದು ಚಪ್ಪಲಿ ವ್ಯಾಪಾರ. ಅದು ಮುಳುಗಿತು, 1998ರಲ್ಲಿ ಆಟದ ಕಂಪನಿಯನ್ನೂ ಎಳೆದುಕೊಂಡು ಹೋಯ್ತು. ಆಮೇಲೆ ವಿಜರ್ಡ್ಸ್ ಆಫ್ ದ ಕೋಸ್ಟ್, ಆಮೇಲೆ ಫ್ಯಾಂಟಸಿ ಫ್ಲೈಟ್, ಈಗ ಎಡ್ಜ್ ಸ್ಟುಡಿಯೋ. ಎಡ್ಜ್‌ನವರದು ಬಿಟ್ಟರೆ ಪ್ರತಿ ಸಲ ನಿಯಮ ಬೇರೆ, ಡೈಸ್ ಬೇರೆ. ಹಳೇ ಪುಸ್ತಕ ಕೊಂಡವರು ಮತ್ತೆ ಮೊದಲಿಂದ ಶುರು ಮಾಡಬೇಕು.

ಹಳೇ ಡೈಸ್

ಸ್ಟಾರ್ ಟ್ರೆಕ್ ಇನ್ನೂ ಜಾಸ್ತಿ ಮನೆ ನೋಡಿದೆ. 1982ರಲ್ಲಿ ಫಾಸಾ, 1998ರಲ್ಲಿ ಲಾಸ್ಟ್ ಯೂನಿಕಾರ್ನ್, 2002ರಲ್ಲಿ ಡಿಸೈಫರ್, 2017ರಿಂದ ಮೊಡಿಫಿಯಸ್. ಟೋಲ್ಕಿನ್ ಲೋಕದ ಮಧ್ಯಮ ಭೂಮಿ ಆಟವೂ ಅಷ್ಟೆ. ಐರನ್ ಕ್ರೌನ್‌ನವರು 1984ರಿಂದ 1999ರವರೆಗೆ ನಡೆಸಿದರು, ಲೈಸೆನ್ಸ್ ಹೋದ ಮರುವರ್ಷವೇ ದಿವಾಳಿ. ಒಂದೇ ಕಂಬಕ್ಕೆ ಚಪ್ಪರ ಕಟ್ಟಿದರೆ ಹೀಗೇ.

ತೊಗರಿ ಬ್ಯಾಳಿ (ಆಳಂದ)

ಎಲ್ಲರೂ ಲೈಸೆನ್ಸ್ ಅಂದರೆ ಗುಮ್ಮ ಅನ್ನೋ ಥರ ಮಾತಾಡ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ.

ನಾನು ಶಾಲೆ ಮಕ್ಕಳಿಗೆ ಈ ಆಟ ಆಡಿಸುತ್ತೇನೆ. ಎಂಟನೇ ಕ್ಲಾಸಿನವರು. ಒಮ್ಮೆ ನನ್ನ ಸ್ವಂತ ಲೋಕ ಕಟ್ಟಿಕೊಂಡು ಹೋಗಿದ್ದೆ. ಮೂರು ರಾಜ್ಯ, ಎರಡು ದೇವರು, ಒಂದು ಶಾಪ. ಬೋರ್ಡ್ ಮೇಲೆ ನಕ್ಷೆ ಬರೆದು ವಿವರಿಸೋದರಲ್ಲೇ ಅರ್ಧ ಗಂಟೆ ಹೋಯ್ತು. ಹಿಂದಿನ ಬೆಂಚಿನವನು ಆಕಳಿಸಿದ. ಮುಂದಿನ ವಾರ ಎಲ್ಲರೂ ನೋಡಿದ್ದ ಒಂದು ಸಿನಿಮಾ ಲೋಕ ತಗೊಂಡೆ. "ನೀನು ಕಳ್ಳಸಾಗಣೆ ಹಡಗಿನವನು, ಹಿಂದೆ ಪೊಲೀಸರು ಬಿದ್ದಿದ್ದಾರೆ" ಅಂದೆ. ಒಂದು ನಿಮಿಷ ಸಾಕಾಯ್ತು. ಆಕಳಿಸಿದವನೇ ಎದ್ದು ನಿಂತು, "ಮೇಡಂ, ನಾ ಹಡಗು ತಿರುಗಿಸ್ತೀನಿ!" ಅಂದ. ಡೈಸ್ ನಾನಿನ್ನೂ ಕೊಟ್ಟೇ ಇರಲಿಲ್ಲ.

ಆ ಕಂಪನಿಗಳು ದುಡ್ಡು ಸುರಿಯೋದು ಈ ಅರ್ಧ ಗಂಟೆಗೆ. ಲೋಗೋ ಚೆಂದ ಇದೆ ಅಂತಲ್ಲ. ಕೊಳ್ಳೋರ ತಲೆಯಲ್ಲಿ ಲೋಕ ಮೊದಲೇ ಇರುತ್ತೆ. ಸ್ವಂತ ಲೋಕ ಮಾಡ್ರಿ ಅಂತ ಹೇಳೋದು ಸುಲಭ. ಆ ಅರ್ಧ ಗಂಟೆ ಎಲ್ಲಿಂದ ತರ್ತೀರಿ ಅಂತ ಯಾರೂ ಹೇಳ್ತಿಲ್ಲ.

ಶಹಾಬಾದ್ ಕಲ್ಲು

ಮೇಡಂ, ಇದೇ. ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ನಮ್ಮ ಗುಂಪಿಗೆ ಹೊಸಬರು ಬಂದು ಉಳಿದದ್ದೂ ಆ ಸಿನಿಮಾ ಹೆಸರಿಂದಲೇ.

ಬಿದ್ರಿ ಕುಸುರಿ (ಬೀದರ್)

ಆಟದ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಮಗ ಆಡುತ್ತಾನೆ ಅಂತ ಓದ್ತಿದ್ದೆ. ಹೆಸರಿನ ಬಗ್ಗೆ ಒಂದು ಮಾತು.

ನಮ್ಮದು ಬಿದ್ರಿ ಕೆಲಸದ ಮನೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಉಳಿಯಿಂದ ಗೀರು ತೆಗೆದು ಬೆಳ್ಳಿ ತಂತಿ ಕೂರಿಸುತ್ತೇವೆ. ಕೊನೆಗೆ ಕೋಟೆ ಮಣ್ಣಿಗೆ ನವಸಾಗರ ಹಾಕಿ ಕುದಿಸಿ ಅದರಲ್ಲಿ ಅದ್ದಿದರೆ ಮೈಯೆಲ್ಲ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತೆ. ಲೋಹದಲ್ಲಿ ಬೆಳ್ಳಿ ಕೂರಿಸೋದನ್ನು ಯಾರು ಬೇಕಾದರೂ ಮಾಡಬಹುದು, ಯಾವ ಊರಲ್ಲಾದರೂ. ಆದರೆ ಬಿದ್ರಿ ಅನ್ನೋ ಹೆಸರಿಗೆ ಜಿಐ ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ. ಬೇರೆ ಊರಿನವರು ಆ ಹೆಸರು ಹೇಳಿ ಮಾರೋ ಹಾಗಿಲ್ಲ. ಗಿರಾಕಿ ಹೂದಾನಿ ಕೈಗೆತ್ತಿಕೊಂಡು ಮೊದಲು ಕೇಳೋದೇ "ಇದು ಅಸಲಿ ಬಿದ್ರಿನಾ?" ಅಂತ. ಕುಸುರಿ ಆಮೇಲೆ ನೋಡ್ತಾರೆ.

ಅದಕ್ಕೇ ನಿಮ್ಮ ಆ ಕಂಪನಿಯವರ ಮೇಲೆ ನನಗೆ ಸಿಟ್ಟು ಬರೋದಿಲ್ಲ. ಬೇರೆ ಊರಲ್ಲಿ ಮಷೀನಿನಲ್ಲಿ ಒತ್ತಿದ ಡಬ್ಬಿಗೆ ನಮ್ಮ ಹೆಸರು ಅಂಟಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತೆ.

ಗೋಗಿ ಗಾಡಿ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಸರ್. ಯಾರೂ ಬರಲ್ಲ ಅಂದದ್ದನ್ನು ವಾಪಸ್ ತಗೊಂಡೆ.

ಕರಿ ಕೋಟು

ಇನ್ನೊಂದು ಸೂಕ್ಷ್ಮ ಇದೆ. ಹೆಸರಿನ ಮಾಲೀಕರು ಒಬ್ಬರೇ ಇರ್ತಾರೆ ಅಂದುಕೊಳ್ಳಬೇಡಿ. ಜಮೀನಿನ ಪಾಲಿನಂತೆ ಸಿನಿಮಾ ಒಬ್ಬರದು, ಟಿವಿ ಒಬ್ಬರದು, ಕಾದಂಬರಿ ಇನ್ನೊಬ್ಬರದು. 2005ರಲ್ಲಿ ಸೆರೆನಿಟಿ ಅನ್ನೋ ಸಿನಿಮಾದ ಆಟ ಬಂತು. ಆ ಸಿನಿಮಾ ಹುಟ್ಟಿದ್ದೇ ಫೈರ್‌ಫ್ಲೈ ಅನ್ನೋ ಟಿವಿ ಸರಣಿಯಿಂದ. ಲೈಸೆನ್ಸ್ ಸಿನಿಮಾದ್ದು ಮಾತ್ರ, ಹಾಗಾಗಿ ಸರಣಿಯನ್ನು ಮುಟ್ಟೋ ಹಾಗಿರಲಿಲ್ಲ. ಸರಣಿ ಹೆಸರಿನ ಆಟ ಬೇರೆ ಲೈಸೆನ್ಸ್ ಮೇಲೆ ಬಂದದ್ದು 2014ಕ್ಕೆ. 1983ರ ಜೇಮ್ಸ್ ಬಾಂಡ್ ಆಟದಲ್ಲಂತೂ ಖಳರ ಸಂಘ ಸ್ಪೆಕ್ಟರ್ ಇಲ್ಲವೇ ಇಲ್ಲ, ಅದರ ಹಕ್ಕಿನ ಜಗಳ ಬೇರೆ ನಡೀತಿತ್ತು. ಆಟದವರು ಟ್ಯಾರೋ ಅಂತ ಹೊಸ ಸಂಘ ಹುಟ್ಟಿಸಿದರು.

ಕನ್ನಡ ಸಿನಿಮಾದ್ದೇ ತಗೊಳ್ಳೋಣ ಅಂದರೂ ಇದೇ ಪಾಡು. ನಿರ್ಮಾಪಕರ ಹತ್ತಿರ ಆಟದ ಹಕ್ಕು ಇದೆಯಾ, ಯಾರಿಗಾದರೂ ಮೊದಲೇ ಬರೆದುಕೊಟ್ಟಿದ್ದಾರಾ, ನಟರ ಮುಖ ಹಾಕಬಹುದಾ, ಒಂದೊಂದನ್ನೂ ಕೇಳಬೇಕು. ಆದರೆ ಇಲ್ಲಿ ಒಂದು ಅನುಕೂಲ ಇದೆ. ಫೋನ್ ಎತ್ತುತ್ತಾರೆ.

ಸುರಂಗ ಬಾವಿ (ಬೀದರ್)

ತಡವಾಗಿ ಬಂದೆ. ಮೇಡಂ ಕೇಳಿದ ಅರ್ಧ ಗಂಟೆಗೆ ನನ್ನ ಉತ್ತರ.

ಜನರ ತಲೆಯಲ್ಲಿ ಮೊದಲೇ ಇರುವ ಲೋಕ ಬೇಕು, ಅಲ್ವಾ? ನಮ್ಮ ಊರಿನವರ ತಲೆಯಲ್ಲಿ ಸಿನಿಮಾ ಒಂದೇ ಇರೋದಾ? ಕೋಟೆ ಇದೆ. ಬೀದರ್ ಮಗುವಿಗೆ ಮಹಮೂದ್ ಗವಾನ್ ಮದ್ರಸಾ ಅಂದರೆ ವಿವರಿಸಬೇಕಾಗಿಲ್ಲ. ಒಂದು ಮಿನಾರು ನಿಂತಿದೆ, ಇನ್ನೊಂದು ಇಲ್ಲ, ದಿನಾ ಬಸ್ಸಿನಿಂದ ಕಾಣುತ್ತೆ. ನೌಬಾದ್ ಕಡೆಯ ಕರೇಜ್ ಇದೆ. ನೆಲದಡಿಯ ನೀರಿನ ಸುರಂಗ, ಮೇಲೆ ಅಲ್ಲಲ್ಲಿ ಗಾಳಿಬಾವಿ. ಡಂಜನ್ ಡಂಜನ್ ಅಂತೀರಲ್ಲ, ಇದಕ್ಕಿಂತ ಬೇಕಾ?

ಕಥೆಯೂ ರೆಡಿ ಇದೆ. ಗವಾನ್ ಬಹಮನಿ ರಾಜ್ಯದ ಪ್ರಧಾನಿ. ಆಗದವರು ಅವನ ಮುದ್ರೆ ಇಟ್ಟುಕೊಂಡಿದ್ದವನಿಗೆ ಕುಡಿಸಿ, ಖಾಲಿ ಹಾಳೆ ಮೇಲೆ ಮುದ್ರೆ ಒತ್ತಿಸಿಕೊಂಡರು ಅಂತ ಹೇಳುತ್ತಾರೆ. ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. ಸುಲ್ತಾನ ನಂಬಿದ. 1481ರಲ್ಲಿ ಗವಾನನ ತಲೆ ಹೋಯ್ತು. ಈಗ ನಿಮ್ಮ ಆರು ಜನರನ್ನು ಅದರ ಹಿಂದಿನ ರಾತ್ರಿಗೆ ಬಿಡಿ. ಪತ್ರ ಎಲ್ಲಿದೆ ಗೊತ್ತಿಲ್ಲ. ಮುದ್ರೆಯವನಿಗೆ ಇನ್ನೂ ಮತ್ತು ಇಳಿದಿಲ್ಲ. ಬೆಳಗಾಗೋಕೆ ಮುಂಚೆ ಸುಲ್ತಾನನ ಕೈ ಸೇರುತ್ತೆ.

1481ಕ್ಕೆ ಯಾರ ಅಪ್ರೂವಲ್ಲೂ ಬೇಕಾಗಿಲ್ಲ. ಇದ್ದ ಒಂದೇ ಅಪ್ರೂವಲ್ ಮುದ್ರೆಯನ್ನು ಕುಡುಕನ ಕೈಲಿ ಕೊಟ್ಟಿದ್ದರು.

ತೊಗರಿ ಬ್ಯಾಳಿ

ನಕ್ಕುಬಿಟ್ಟೆ. ಬೀದರಿನ ಮಕ್ಕಳಿಗೆ ಇದು ನಡೆಯುತ್ತೆ, ಒಪ್ಪಿದೆ. ಮಂಡ್ಯದವರು ಕೊಂಡರೆ ಅವರಿಗೆ ಮತ್ತೆ ಅರ್ಧ ಗಂಟೆ ಬೇಕು. ಅದನ್ನು ಮರೆಯಬೇಡಿ.

ಸುರಂಗ ಬಾವಿ

ಮಂಡ್ಯದವರಿಗೆ ಐದು ನಿಮಿಷ ಸಾಕು ಮೇಡಂ. ಸುಳ್ಳು ಸಹಿ ಎಲ್ಲಾ ಊರಲ್ಲೂ ಅರ್ಥವಾಗುತ್ತೆ.

ಇಪ್ಪತ್ತು ಮುಖ

ನಿಯಮಗಳಿಗೆ ಒಂದು ದಾರಿ ಹೇಳಿಬಿಡುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈಗ ವಿಜರ್ಡ್ಸ್‌ನವರದು. ಅದರ ನಿಯಮ ಬೇರೆಯವರೂ ಬಳಸಲಿ ಅಂತ ಅವರು 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ತಂದಿದ್ದರು. 2023ರ ಆರಂಭದಲ್ಲಿ ಅದನ್ನು ಬಿಗಿ ಮಾಡೋಕೆ ಹೋಗಿ ಆಟಗಾರರೆಲ್ಲ ತಿರುಗಿಬಿದ್ದರು. ಅದೇ ಜನವರಿ ಕೊನೆಗೆ ಆ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಎಲ್ಲರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಬಿಟ್ಟರು. ಅದನ್ನು ಕನ್ನಡಕ್ಕೆ ತಂದು ಮಾರಬಹುದು, ಅವರು ಹೇಳಿದ ಹಾಗೆ ಕ್ರೆಡಿಟ್ ಹಾಕಿದರೆ ಸಾಕು. ಕಲ್ಲು ಅವರೇ, ನೀವು ಮೊದಲು ಕೇಳಿದ "ಕ್ರೆಡಿಟ್ ಕೊಟ್ಟರೆ ಸಾಲದಾ?" ಅನ್ನೋದಕ್ಕೆ ಇಲ್ಲಿ ಮಾತ್ರ ಸಾಕು ಅಂತ ಉತ್ತರ. ಆದರೆ ನಿಮ್ಮದೇ ನಿಯಮ ಇದ್ದ ಮೇಲೆ ಅದೂ ಬೇಕಾಗಿಲ್ಲ.

ಶಹಾಬಾದ್ ಕಲ್ಲು

ಎರಡು ಭಾನುವಾರ ಆದ ಮೇಲೆ ಬರೆಯುತ್ತಿದ್ದೇನೆ.

ಕಂಪನಿಗೆ ಮೇಲ್ ಮಾಡಿದ್ದೆ. "ನಿಮ್ಮ ಸಂದೇಶ ತಲುಪಿದೆ" ಅಂತ ಮಷೀನ್ ಉತ್ತರ ಬಂತು. ಅಷ್ಟೇ.

64 ಪುಟ ಕುಳಿತು ನೋಡಿದೆವು. ಸಿನಿಮಾದ ಹೆಸರು, ಹಡಗು, ಗ್ರಹ ಎಲ್ಲ ಕಿತ್ತು ಹಾಕಿದ ಮೇಲೆ 41 ಪುಟ ಉಳಿಯಿತು. ನಿಜ ಹೇಳಬೇಕಂದರೆ ಖುಷಿಯಾಯ್ತು, ಹತ್ತು ಉಳಿದರೆ ಹೆಚ್ಚು ಅಂದುಕೊಂಡಿದ್ದೆ. ಬೆನ್ನಟ್ಟೋ ನಿಯಮ, ಸಾಲ ತೀರಿಸೋ ನಿಯಮ, ಸುಳ್ಳು ಹೇಳಿ ಸಿಕ್ಕಿಬೀಳೋ ನಿಯಮ, ಎಲ್ಲ ನಮ್ಮವೇ. ಹಡಗಿನ ಜಾಗಕ್ಕೆ ಕುದುರೆ ಬಂತು.

ಮೊನ್ನೆ ಗವಾನನ ರಾತ್ರಿ ಆಡಿದೆವು. ನಮ್ಮ ಹುಡುಗ ಒಬ್ಬ ಮುದ್ರೆಯವನನ್ನು ಎಬ್ಬಿಸೋಕೆ ಮಜ್ಜಿಗೆ ಕುಡಿಸಿದ. ಡೈಸ್‌ನಲ್ಲಿ ಒಂದು ಬಿತ್ತು. ಅವನು ವಾಂತಿ ಮಾಡಿಕೊಂಡದ್ದು ಪತ್ರದ ಮೇಲೆ. ರಾಜದ್ರೋಹದ ಸಾಕ್ಷಿ ಹಾಳಾಯ್ತು, ಗವಾನ್ ಉಳಿದ. ಮುಂದಿನ ಕಥೆ ಏನು ಅಂತ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಇತಿಹಾಸ ಅಲ್ಲಿಗೆ ನಿಂತು ಹೋಯ್ತು. ಎಂಟೂವರೆವರೆಗೂ ಯಾರೂ ಏಳಲಿಲ್ಲ. ಕೆಳಗೆ ಅಂಗಡಿ ಷಟರ್ ಎಳೆಯೋ ಸದ್ದು ಕೇಳಿ ಓಡಿದೆವು.

ಪ್ರೆಸ್ಸಿಗೂ ಹೋಗಿ ಬಂದೆ. ಹಿರಿಯರು ಹೊಸ ಕವರ್ ನೋಡಿ, "ಇದು ಯಾರ್ದ್ರಿ?" ಅಂದರು. ನಮ್ಮದು ಅಂದೆ. "ಹಂಗಾದ್ರ ನಿಮ್ಮ ಹೆಸರು ಎಲ್ಲಿ ಹಾಕೀರಿ?" ಅಂದರು. ಹಾಕೋದೇ ಮರೆತಿದ್ದೆವು.

ಹಳೇ ಡೈಸ್ ಅವರೇ, ಅಟ್ಟದ ಮೇಲಿನ ಹದಿನೇಳರಲ್ಲಿ ಒಂದು ಕಾಪಿ ನನಗೆ ಬೇಕು. ಮಾರಾಟಕ್ಕಲ್ಲ, ಓದೋಕೆ. ಬರೋ ಭಾನುವಾರ ಕಲಬುರಗಿಗೆ ಬಂದರೆ ಹತ್ತು ಮುಖದ ಡೈಸ್ ಇದ್ದರೆ ತನ್ನಿ, ನಮ್ಮ ಹತ್ರ ಎರಡೇ ಇವೆ.

ಹಳೇ ಡೈಸ್

ಬರ್ತೀನಿ. ಕಾಪಿ ತರ್ತೀನಿ. ಬಿಸಿಲಿಗೆ ಮಾತ್ರ ಹಿಡಿದು ನೋಡಬೇಡಿ.